ಥರ್ಮೋಕೋಲಿನಲ್ಲಿ ನಮ್ಮ ಬೀದಿ

ಸಹಕಾರನಗರದ ಪಾರ್ಕಿನ ಹತ್ತಿರ ಚರಂಡಿಯ ಚಪ್ಪಡಿ ಸರಿದಿದ್ದ ಕಡೆ ಕಾಲಿಟ್ಟು ಅಕ್ಕ ಬಿದ್ದಳು. ಅಲ್ಲಿಯವರೆಗೆ ಅವಳ ಕಣ್ಣಿನ ವಿಷಯವನ್ನು ನಾವಿಬ್ಬರೂ ಹಗುರವಾಗಿ ತೆಗೆದುಕೊಂಡಿದ್ದೆವು. ಮೆಟ್ಟಿಲು ತಪ್ಪಿದರೆ ಅವಳು ಚಪ್ಪಲಿಯನ್ನು ಬೈಯುತ್ತಿದ್ದಳು, ಭುಜ ತಾಗಿದರೆ ಬಾಗಿಲನ್ನು. ಹೆಬ್ಬಾಳದ ಕಣ್ಣಾಸ್ಪತ್ರೆಯ ಡಾಕ್ಟರು ಮಾತ್ರ ನೇರವಾಗಿ ಹೇಳಿದರು: ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಹಾಳಾಗಿದೆ, ನೋಟ ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬರುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು.

ಬಾವ ತೀರಿಕೊಂಡ ಮೇಲೆ ಅಕ್ಕ ಕೊಡಿಗೇಹಳ್ಳಿಯಲ್ಲಿ ನನ್ನ ಜೊತೆಗೇ ಇದ್ದಳು. ಪ್ರೈಮರಿ ಶಾಲೆಯ ಮೇಷ್ಟ್ರಮ್ಮನಾಗಿ ನಿವೃತ್ತಳಾದವಳು. ದಿನಾ ಸಂಜೆ ಪಾರ್ಕಿಗೆ ಹೋಗಿ ಗೆಳತಿಯರ ಜೊತೆ ಹರಟೆ ಹೊಡೆದು ಬರುವುದು ಅವಳಿಗೆ ಊಟದಷ್ಟೇ ಮುಖ್ಯವಾಗಿತ್ತು. ಬಿದ್ದ ಮೇಲೆ ಅದು ನಿಂತುಹೋಯಿತು. ಗೆಳತಿಯರು ಫೋನ್ ಮಾಡಿದರೆ ಮಂಡಿನೋವು ಎನ್ನುತ್ತಿದ್ದಳು.

ನನ್ನ ಕೈ ಸುಮ್ಮನಿರಲಿಲ್ಲ. ಯಶವಂತಪುರದ ಹತ್ತಿರ ಟ್ರಾನ್ಸ್‌ಫಾರ್ಮರ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ತಂತಿ ಸುತ್ತುತ್ತಾ, ಬೆಸುಗೆ ಹಾಕುತ್ತಾ ವಯಸ್ಸು ಕಳೆದವಳು ನಾನು. ನಮ್ಮ ಮನೆಯಿಂದ ಪಾರ್ಕಿನವರೆಗಿನ ದಾರಿಯನ್ನು ಥರ್ಮೋಕೋಲಿನಲ್ಲಿ ಮಾಡಿಕೊಟ್ಟರೆ ಅಕ್ಕ ಅದನ್ನು ಬೆರಳಲ್ಲಿ ಮುಟ್ಟಿ ಕಲಿತುಕೊಳ್ಳಬಹುದು ಅನ್ನಿಸಿತು. ಚಾಕುವಿನಲ್ಲಿ ಕೊಯ್ದರೆ ಅಂಚೆಲ್ಲ ಕಿತ್ತುಬಂದು ಬಿಳಿ ಕಾಳು ಮನೆ ತುಂಬಾ ಹಾರಾಡಿತು. ಬಿಸಿ ತಂತಿಯೇ ಆಗಬೇಕಿತ್ತು.

ಮಹಡಿಯಲ್ಲಿ ತಗಡಿನ ಶೀಟಿನ ನೆರಳಲ್ಲಿ ಹಳೆಯ ಪ್ಲೈವುಡ್ ಹಲಗೆ ಇಟ್ಟು, ಅದಕ್ಕೆ ಮರದ ಕಂಬ ನಿಲ್ಲಿಸಿ, ಕಂಬದಿಂದ ಒಂದು ತೋಳು ಚಾಚಿಸಿದೆ. ತೋಳಿನ ತುದಿಯಿಂದ ಹಲಗೆಯಲ್ಲಿ ಕೊರೆದ ತೂತಿನೊಳಕ್ಕೆ ನೈಕ್ರೋಮ್ ತಂತಿ ಇಳಿಬಿಟ್ಟು ಕೆಳಗೆ ಬಿಗಿದೆ. ಹೀಟರಿನೊಳಗೆ ಕೆಂಪಗೆ ಕಾಯುತ್ತದಲ್ಲ, ಆ ಜಾತಿಯ ತಂತಿ. ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಅದಕ್ಕೆ ಕಡಿಮೆ ವೋಲ್ಟೇಜಿನ ಕರೆಂಟು ಕೊಟ್ಟೆ. ಮೊದಲ ಸಲ ತಂತಿ ಕೆಂಪಾಗಿ ಕಡಿದೇಹೋಯಿತು. ತಂತಿ ಉದ್ದ ಮಾಡಿದೆ. ಕಾದಾಗ ಅದು ಹಿಗ್ಗಿ ಜೋಲುಬಿತ್ತು, ಕೊಯ್ದ ಗೋಡೆಗಳೆಲ್ಲ ಹೊಟ್ಟೆ ಬಂದಂತೆ ಉಬ್ಬಿದವು. ಕೊನೆಗೆ ಮೇಲ್ತುದಿಗೆ ಒಂದು ಸ್ಪ್ರಿಂಗ್ ಸಿಕ್ಕಿಸಿದೆ. ತಂತಿ ಹಿಗ್ಗಿದಷ್ಟೂ ಸ್ಪ್ರಿಂಗ್ ಎಳೆದು ಹಿಡಿಯಿತು. ಆಮೇಲೆ ಥರ್ಮೋಕೋಲು ತಂತಿಗೆ ತಾಗುವ ಮೊದಲೇ ಕರಗಿ ದಾರಿ ಬಿಡುತ್ತಿತ್ತು. ಅದರ ಹೊಗೆ ತಲೆನೋವು ತರಿಸುತ್ತಿತ್ತು, ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ.

"ಏನೇ ಅದು ಸುಟ್ಟ ವಾಸನೆ?" ಎಂದು ಅಕ್ಕ ಕೆಳಗಿನಿಂದ ಕೂಗುತ್ತಿದ್ದಳು.

"ಏನಿಲ್ಲಕ್ಕ, ಹಳೇ ಮಿಕ್ಸಿ ರಿಪೇರಿ."

ನಮ್ಮ ಗೇಟು, ಹಾಲಿನ ಬೂತು, ದೇವಸ್ಥಾನದ ಕಟ್ಟೆ, ತಿರುವು, ರೋಡ್ ಹಂಪು, ಪಾರ್ಕಿನ ಬಾಗಿಲು ಎಲ್ಲವೂ ಸಿದ್ಧವಾದ ದಿನ ಊಟದ ಮೇಜಿನ ಮೇಲಿಟ್ಟು ಅವಳ ಕೈ ಹಿಡಿದು ಅದರ ಮೇಲಿಟ್ಟೆ. ಅವಳು ಕೈ ಕಿತ್ತುಕೊಂಡಳು.

"ನಾನಿನ್ನೂ ಕುರುಡಿ ಆಗಿಲ್ಲ ಕಣೇ. ನಿಂಗೇನ್ ಅಷ್ಟು ಅವಸರ?"

"ಅವಸರ ಅಲ್ಲಕ್ಕ, ನೀನು ಮನೇಲೇ ಕೂತ್ಬಿಟ್ಟಿದೀಯ ಅಂತ..."

"ಕೂತಿದ್ರೆ ಕೂತಿರ್ತೀನಿ. ನಿಂಗ್ ಭಾರ ಆದ್ರೆ ಹೇಳ್ಬಿಡು."

ಆ ಥರ್ಮೋಕೋಲಿನ ಬೀದಿಯನ್ನು ಎತ್ತಿ ಬೀರುವಿನ ಮೇಲಿಟ್ಟೆ. ಆಮೇಲೆ ಎಷ್ಟೋ ದಿನ ನಮ್ಮ ನಡುವೆ ಸಾರು, ಸೊಪ್ಪು, ಗ್ಯಾಸ್ ಬಿಟ್ಟು ಬೇರೆ ಮಾತಿರಲಿಲ್ಲ.

ಒಂದು ಮಧ್ಯಾಹ್ನ ಅವಳೇ ಕೇಳಿದಳು. "ಅದ್ನ ಇಳ್ಸು." ಇಳಿಸಿಕೊಟ್ಟೆ. ಕಣ್ಣು ತೆರೆದುಕೊಂಡೇ ಬೆರಳಾಡಿಸಿ, "ನಾನ್ ಬಿದ್ದಿದ್ ಜಾಗ ಇದ್ರಲ್ಲಿ ಎಲ್ಲಿದೆ? ಚರಂಡೀನೇ ಮಾಡಿಲ್ವಲ್ಲೇ," ಎಂದಳು. ನಾನು ನಯವಾದ ಬೀದಿಯನ್ನಷ್ಟೇ ಮಾಡಿದ್ದೆ. ಮಹಡಿಗೆ ಕರೆದೊಯ್ದೆ. ಪಾರ್ಕಿನ ಪಕ್ಕದ ತುಂಡನ್ನು ಅವಳೇ ಹಿಡಿದು, ಉಳಿದ ನೋಟದಲ್ಲಿ ತಂತಿಯನ್ನು ನೋಡುತ್ತಾ, ಮೆಲ್ಲಗೆ ತಳ್ಳಿ ಆ ಗುಂಡಿಯನ್ನು ಕೊರೆದಳು.

ವಾರ ಕಳೆದು ಇಬ್ಬರೂ ಹೊರಟೆವು. ಬೂತು ಬಂತು, ಕಟ್ಟೆ ಬಂತು, ಅಕ್ಕ ನನ್ನ ಕೈ ಹಿಡಿಯಲಿಲ್ಲ. ತಿರುವಿನಲ್ಲಿ ಮಾತ್ರ ಯಾರೋ ಮನೆ ಕಟ್ಟಿಸಲು ಜಲ್ಲಿ ಸುರಿದಿದ್ದರು, ಅದರಾಚೆ ಪೈಪಿಗೆಂದು ರಸ್ತೆ ಅಗೆದಿದ್ದರು. ಅಕ್ಕ ಜಲ್ಲಿಯ ಮೇಲೆ ಕಾಲಿಟ್ಟು ಜೋಲಿ ಹೊಡೆದಳು. ಹಿಡಿದುಕೊಂಡೆ.

"ನಿನ್ ಬೀದಿ ಸುಮ್ನೆ ಇರುತ್ತೆ ಕಣೇ, ಈ ಬೀದಿ ಇರಲ್ಲ," ಎಂದಳು. ಸಿಟ್ಟಿರಲಿಲ್ಲ. ಯಾರದೋ ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡು ವಾಪಸಾದೆವು. ಈಗ ಅವಳು ಒಬ್ಬಳೇ ಹಾಲಿನ ಬೂತಿನವರೆಗೆ ಹೋಗುತ್ತಾಳೆ. ಪಾರ್ಕಿಗೆ ನನ್ನ ಮೊಣಕೈ ಬೇಕು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ನನ್ನ ಕಡೆ ತಿರುಗಿ, "ಇದು ಒಡಹುಟ್ಟಿದವರಿಗೂ ಬರಬಹುದು, ನೀವೂ ತೋರಿಸ್ಕೊಳ್ಳಿ," ಎಂದರು. ನಾನು ಇನ್ನೊಂದು ದಿನ ಅಂದೆ. ಅಕ್ಕ ಬಿಡಲಿಲ್ಲ. ಪರೀಕ್ಷೆಯ ಯಂತ್ರದ ಮುಂದೆ ಗಲ್ಲವೂರಿ, ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತುತ್ತಾ ಕುಳಿತೆ. ಕಾಣದೇ ಹೋದವು ಎಷ್ಟು ಎಂದು ತಿಳಿಯುವ ದಾರಿಯೇ ಇರಲಿಲ್ಲ. ನನ್ನ ಎಡಗಣ್ಣಿನಲ್ಲೂ ಶುರುವಾಗಿತ್ತು. ಬೇಗ ಸಿಕ್ಕಿದೆ, ಔಷಧಿ ತಪ್ಪಿಸಬೇಡಿ ಎಂದರು.

ಬಸ್ಸಿನಲ್ಲಿ ಅಕ್ಕ ನನ್ನ ಕೈಯನ್ನು ಹಿಡಿದುಕೊಂಡಿದ್ದಳು. ಹಿಡಿಸಿಕೊಂಡವರಿಗೆ ಹೇಗಿರುತ್ತದೆ ಎನ್ನುವುದು ಆಗ ಗೊತ್ತಾಯಿತು. ಕಿತ್ತುಕೊಳ್ಳಬೇಕು ಅನ್ನಿಸಿತು, ಕಿತ್ತುಕೊಳ್ಳಲಿಲ್ಲ.

ಬೆಳಿಗ್ಗೆ ಕಾಫಿಗೆ ಮೊದಲು ಅವಳ ಕಣ್ಣಿಗೆ ನಾನು ಹನಿ ಹಾಕುತ್ತೇನೆ. ನನ್ನ ಕಣ್ಣಿಗೆ ತಾನೇ ಹಾಕುತ್ತೇನೆಂದು ಅವಳು ಹಟ ಹಿಡಿಯುತ್ತಾಳೆ. ಹನಿ ಎಷ್ಟೋ ಸಲ ಕೆನ್ನೆಯ ಮೇಲೆ ಬೀಳುತ್ತದೆ. "ಬಿತ್ತೇನೇ?" ಎಂದು ಕೇಳುತ್ತಾಳೆ. ಇಲ್ಲವೆಂದರೆ ಬೈಯುತ್ತಾ ಮತ್ತೆ ಸೀಸೆ ಬಗ್ಗಿಸುತ್ತಾಳೆ.