ಹತ್ತಾದ ಮೇಲೆ ಇಪ್ಪತ್ತು

ಗೆಳೆಯರೇ, ಸಾಗರದ ನಮ್ಮ ಸೊಸೈಟಿಯ ಹೊಸ ಕಂಪ್ಯೂಟರಿಗೆ ನಾನು ಮಳೆಗಾಲವಿಡೀ ಕೂತು ಬರೆದ ಪ್ರೋಗ್ರಾಮ್ ಇವತ್ತು ಬೆಳಿಗ್ಗೆ ಕೆಟ್ಟು ನಿಂತಿತ್ತು. ಅದರ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರ್ ಕೊಟ್ಟಿದ್ದೆ. ಮುಂದೆ ನಡುವೆ ಸಾಲು ಸೇರಿಸಲು ಜಾಗ ಬೇಕಲ್ಲ! ನಿನ್ನೆ ನಾನು ರಜೆ ಹಾಕಿದ್ದಾಗ ಕಾರ್ಯದರ್ಶಿಗಳು ಟೈಪಿಸ್ಟ್ ಕೈಲಿ ಅವನ್ನೆಲ್ಲ ಒಂದು, ಎರಡು, ಮೂರು ಎಂದು ತಿದ್ದಿಸಿದ್ದಾರೆ.

“ನಡುವಿನ ನಂಬರೆಲ್ಲ ಎಲ್ಲಿ ಹೋದ್ವು ಅಂತ ಆಡಿಟರ್ ಕೇಳಿದ್ರೆ ನೀವು ಉತ್ರ ಕೊಡ್ತೀರಾ?” ಎಂದರು ಕಾರ್ಯದರ್ಶಿಗಳು, ನಾನು ಕೇಳಿದ್ದಕ್ಕೆ.

“ಸಾರ್, ‘ಇನ್ನೂರನೇ ಸಾಲಿಗೆ ಹೋಗು’ ಅಂತ ಪ್ರೋಗ್ರಾಮ್ ಒಳಗೆ ಕಂಪ್ಯೂಟರಿಗೆ ಬರ್ದಿದೀನಿ. ಈಗ ಆ ಸಾಲೇ ಇಲ್ವಲ್ಲ!”

“ಇಲ್ದಿರೋ ಸಾಲಿಗೆ ಹೋಗು ಅಂತ ಬರ್ದಿದ್ದು ನೀವೇ ತಾನೆ? ಲಿಖಿತ ವಿವರಣೆ ಕೊಡಿ.”

ಕೊಡುತ್ತೇನೆ. ಕ್ರಮಸಂಖ್ಯೆ ಒಂದರಿಂದಲೇ ಹಾಕುತ್ತೇನೆ. ಅವರು ಓದುವುದು ಅದೊಂದನ್ನೇ.