ಇಸಾಬೆಲ್ಲಾ ಬರೆಯದ ನಾಲ್ಕು ಸಾಲು

2024ನೆಯ ಇಸವಿ ಜೂನ್ 8, ಶನಿವಾರ. ಕಡುಬೇಸಿಗೆ. ಬೆಳಿಗ್ಗೆ ಹತ್ತು ಗಂಟೆಗೇ ಬಿಸಿಲು ನಲವತ್ತೊಂದು ಡಿಗ್ರಿ ಮುಟ್ಟಿತ್ತು. ಸಮುದ್ರದ ಕಡೆಯಿಂದ ಬಂದ ತೇವಕ್ಕೆ ಕಿಟಕಿಯ ಗಾಜು ಹೊರಮೈಯಲ್ಲಿ ಬೆವೆತು, ಎದುರಿನ ಬೋಳುಗುಡ್ಡ ಕಂದು ಕಲೆಯಂತೆ ಮಾತ್ರ ಕಾಣುತ್ತಿತ್ತು. ಆ ಹೊತ್ತಿನಲ್ಲಿ, ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಜೂಲಿಯನ್ ಅವರು ಎರಡನೆಯ ಮಹಡಿಗೆ ಇಳಿದು ಬಂದು, ನಮ್ಮ ಬಾಗಿಲಲ್ಲಿ ನಿಂತು, ತಮ್ಮ ಪತ್ನಿಯ ಹೆಸರಿನಲ್ಲಿ ನಾಲ್ಕು ಸಾಲು ಬರೆದುಕೊಡಬೇಕೆಂದು ನನ್ನನ್ನು ಕೇಳಿಕೊಂಡರು.

"ಮಾಸ್ಟ್ರೇ, ನಿಮ್ಮ ಕನ್ನಡ ಶುದ್ಧ ಉಂಟು. ಇಸಾಬೆಲ್ಲಾ ಬರೆದ ಹಾಗೆ ಇರ್ಬೇಕು, ಆದ್ರೆ ತಪ್ಪು ಇರ್ಬಾರ್ದು. ಇವತ್ತೇ ಫೇಸ್‌ಬುಕ್ಕಿಗೆ ಹಾಕ್ಬೇಕು."

"ಏನಂತ ಬರೀಬೇಕು?"

"ಸಿನಿಮಾದಲ್ಲಿ ತೋರಿಸಿದ್ದು ಕಥೆ, ಮನೆಯಲ್ಲಿ ನನಗೆ ಎಂತ ತೊಂದರೆಯೂ ಇಲ್ಲ ಅಂತ. ಅಷ್ಟೇ ಮಾರಾಯ್ರೆ."

ಅವರು ಅಷ್ಟೇ ಎಂದದ್ದು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಇಸಾಬೆಲ್ಲಾ ಅವರ ವೃತ್ತಾಂತವನ್ನು ಮೊದಲು ಹೇಳಬೇಕು.

ಇಸಾಬೆಲ್ಲಾ ಹುಟ್ಟಿದ್ದು 1976ರ ನವೆಂಬರ್ 14ರಂದು, ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ. ಬಿ.ಕಾಂ. ಮುಗಿಸಿ, 1998ರ ಜುಲೈ ತಿಂಗಳಿನಿಂದ ನಾಲ್ಕು ವರ್ಷ ಉಡುಪಿಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದರು. ಆಗ ಅವರ ಬಳಿ ನೀಲಿ ಬಣ್ಣದ ಮೊಪೆಡ್ ಇತ್ತು. ಜಡಿಮಳೆಯಲ್ಲಿಯೂ ರೇನ್‌ಕೋಟು ತೊಟ್ಟು ಅದರಲ್ಲಿಯೇ ಕೆಲಸಕ್ಕೆ ಹೋಗುತ್ತಿದ್ದರು. 2002ರ ಡಿಸೆಂಬರ್ 28ರಂದು ವಿವಾಹವಾಯಿತು. ಮರುವರ್ಷ ಈಸ್ಟರ್ ಕಳೆದ ಗುರುವಾರ, ಅಂದರೆ ಏಪ್ರಿಲ್ 24ರಂದು, ಗಂಡನಿದ್ದ ಮಸ್ಕತ್ತಿಗೆ ಬಂದಿಳಿದರು. ಅಂದಿನಿಂದ ಇಂದಿನವರೆಗೆ ಅದೇ ಮೂರನೆಯ ಮಹಡಿ. ಮಗಳು ಡೀನಾ ಈಗ ಹನ್ನೊಂದನೆಯ ತರಗತಿಯಲ್ಲಿದ್ದಾಳೆ.

ಜೂಲಿಯನ್ ಕಟ್ಟಡ ಕಂಪನಿಯೊಂದರಲ್ಲಿ ಕಾಗದಪತ್ರಗಳನ್ನು ನೋಡಿಕೊಳ್ಳುವ ಡಾಕ್ಯುಮೆಂಟ್ ಕಂಟ್ರೋಲರ್. ಕುಡಿತವಿಲ್ಲ, ಏರುದನಿಯಿಲ್ಲ. ಬೇಕಾದ ಸಾಮಾನನ್ನು ಕೆಳಗಿನ ಅಂಗಡಿಯವನು ಮೇಲಕ್ಕೆ ತಂದುಕೊಡುವಂತೆ ಅವರು ಮೊದಲ ತಿಂಗಳಿನಲ್ಲಿಯೇ ಏರ್ಪಾಡು ಮಾಡಿದ್ದರು. ಮೀನು, ತರಕಾರಿ ತಾವೇ ತರುತ್ತಾರೆ. ಚರ್ಚಿಗೆ, ಆಸ್ಪತ್ರೆಗೆ, ಮಗಳ ಶಾಲೆಯ ಸಭೆಗೆ ತಮ್ಮ ಕಾರಿನಲ್ಲಿಯೇ ಕರೆದೊಯ್ಯುತ್ತಾರೆ. ಡ್ರೈವಿಂಗ್ ಕಲಿಯುತ್ತೇನೆಂದು ಇಸಾಬೆಲ್ಲಾ 2009ರಲ್ಲಿ ಒಮ್ಮೆ ಹೇಳಿದ್ದುಂಟು. "ಲೈಸೆನ್ಸ್ ಟೆಸ್ಟಿಗೆ ಡ್ರಮ್ಮುಗಳ ನಡುವೆ ರಿವರ್ಸ್ ಹೋಗ್ಬೇಕು ಇಲ್ಲಿ. ಗಂಡಸರೇ ಐದಾರು ಸಲ ಫೇಲ್ ಆಗ್ತಾರೆ. ನಾನು ಇದ್ದೇನಲ್ಲ?" ಎಂದು ಜೂಲಿಯನ್ ನಕ್ಕರಂತೆ. ಅವರು ಇದ್ದರು ಎಂಬುದು ನಿಜವೇ ಆಗಿತ್ತು. ಮಾತು ಅಲ್ಲಿಗೆ ಮುಗಿಯಿತು.

ಇನ್ನು ಸಿನಿಮಾದ ವಿಷಯ. ಇಲ್ಲಿನ ಕರಾವಳಿಯವರ ನಾಟಕ ಮಂಡಳಿಗಳಲ್ಲಿ ಗಂಡಹೆಂಡಿರ ಪಾತ್ರ ಬಂದರೆ, ಸಾಧ್ಯವಾದಮಟ್ಟಿಗೆ ನಿಜವಾದ ದಂಪತಿಗಳಿಗೇ ಅದನ್ನು ಕೊಡುತ್ತಾರೆ. ಒಬ್ಬರ ಹೆಂಡತಿ ಇನ್ನೊಬ್ಬರ ಪಕ್ಕದಲ್ಲಿ ನಿಂತರೆ ಮಾತಿಗೆ ಆಸ್ಪದವಾಗುತ್ತದೆ ಎಂಬುದು ಎಲ್ಲರೂ ಒಪ್ಪಿಕೊಂಡ ಜಾಗರೂಕತೆ. ಅಂಥದೊಂದು ಮಂಡಳಿಯ ಸದಸ್ಯನಾದ, ಜೂಲಿಯನ್ ಅವರ ಅಕ್ಕನ ಮಗ ಆಲನ್ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದು, ಹೊಸದಾಗಿ ಕ್ಯಾಮೆರಾ ಕೊಂಡಿದ್ದ. ಅವನು 'ಮಧ್ಯಾಹ್ನದ ಬೀಗ' ಎಂಬ ಹದಿನೇಳು ನಿಮಿಷದ ಚಿತ್ರವನ್ನು ಬರೆದಾಗ ಮಾವ ಮತ್ತು ಅತ್ತೆಯನ್ನೇ ಕೇಳಿದ್ದು ಆ ರೂಢಿಯಂತೆಯೇ. ಕಥೆ ಇಷ್ಟು: ಗಂಡ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾನೆ, ಹೆಂಡತಿ ಒಳಗೆ ಹಗಲು ಕಳೆಯುತ್ತಾಳೆ, ಸಂಜೆ ಅವನು ಬಂದು ಬಾಗಿಲು ತೆರೆದಾಗ ಬೆಳಿಗ್ಗೆ ಕೂತಿದ್ದ ಕುರ್ಚಿಯಲ್ಲಿಯೇ ಕೂತಿರುತ್ತಾಳೆ.

ಚಿತ್ರೀಕರಣ 2024ರ ಜನವರಿ 5, 12 ಮತ್ತು 19, ಈ ಮೂರು ಶುಕ್ರವಾರಗಳಂದು ಅವರ ಮನೆಯಲ್ಲಿಯೇ ನಡೆಯಿತು. ಮೇಜಿನ ದೀಪಕ್ಕೆ ಬೆಣ್ಣೆಕಾಗದ ಸುತ್ತಿ ಬೆಳಕು ಮಾಡಿದರು. ಫ್ರಿಜ್ಜಿನ ಗುಂಯ್ ಶಬ್ದ ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸಿ, ಮತ್ತೆ ಹಾಕುವುದನ್ನು ಮರೆತದ್ದರಿಂದ ವಾರದ ಅಂಜಲ್ ಮೀನು ಪೂರ್ತಿ ಹಾಳಾಯಿತು. ಗೋಡೆಯ ಗಡಿಯಾರ ಒಂದು ದೃಶ್ಯದಲ್ಲಿ ನಾಲ್ಕು ಗಂಟೆ, ಅದರ ಮುಂದುವರಿದ ಭಾಗದಲ್ಲಿ ಹನ್ನೊಂದು ಗಂಟೆ ತೋರಿಸುತ್ತದೆ. ಹೀಗಿದ್ದೂ ಇಸಾಬೆಲ್ಲಾ ಕುರ್ಚಿಯಲ್ಲಿ ಕೂತು ಬಾಗಿಲನ್ನು ನೋಡುವ ಭಾಗ ಬಂದಾಗ, ಮೊಬೈಲಿನಲ್ಲಿ ಚಿತ್ರ ನೋಡುತ್ತಿದ್ದ ನನ್ನ ಪತ್ನಿ ಪುಟ್ಟಲಕ್ಷ್ಮಮ್ಮ ಆ ಭಾಗವನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದಳು.

ಮೇ 10ರ ಶುಕ್ರವಾರ ಚಿತ್ರವನ್ನು ಮಂಡಳಿಯ ಫೇಸ್‌ಬುಕ್ ಪುಟದಲ್ಲಿ ಹಾಕಿದರು. ಮೊದಲ ವಾರದ ಅಭಿಪ್ರಾಯಗಳು ಇಂಥ ಚಿತ್ರಗಳಿಗೆ ಬರುವಂಥವೇ. 'ಪ್ರಯತ್ನ ಒಳ್ಳೆಯದು, ಸೌಂಡ್ ಸರಿಯಿಲ್ಲ.' 'ಕುರ್ಚಿಯ ಹಿಂದೆ ಮೈಕ್ ಕಾಣುತ್ತದೆ, ಬ್ರದರ್.' ಎರಡನೆಯ ವಾರದಿಂದ ಜನ ದಂಪತಿಗಳನ್ನು ಗುರುತಿಸತೊಡಗಿದರು. 'ಇವರು ನಿಜವಾದ ಗಂಡಹೆಂಡತಿಯಂತೆ ಹೌದಾ?' 'ಗಂಡನ ಪಾತ್ರದವರು ನಟಿಸಲೇ ಇಲ್ಲ, ಇದ್ದ ಹಾಗೆಯೇ ಬಂದಿದ್ದಾರೆ.' 'ಆ ಅಕ್ಕನ ಕಣ್ಣು ನೋಡಿ, ಅದು ಆಕ್ಟಿಂಗ್ ಅಲ್ಲ.' ಮೇ 27ರಂದು ಮಸ್ಕತ್ತಿನ ಹತ್ತಿರದ ಅಲ್ ಅಮೇರಾತಿನಿಂದ ಹೆಂಗಸೊಬ್ಬರು ಬರೆದರು: 'ಬೀಗ ಯಾಕೆ ತೋರಿಸಿದಿರಿ? ನಮ್ಮ ಮನೆಗೆ ಬೀಗವಿಲ್ಲ. ಒಂಬತ್ತು ವರ್ಷದಿಂದ ಬಾಗಿಲು ತೆರೆದೇ ಇದೆ. ನಾನು ಮಾತ್ರ ಒಳಗೇ ಇದ್ದೇನೆ.'

ಈ ಮಾತನ್ನು ಮೆಚ್ಚಿದವರ ಹೆಸರುಗಳಲ್ಲಿ ಇಸಾಬೆಲ್ಲಾ ಅವರ ಹೆಸರೂ ಇತ್ತು.

ಜೂಲಿಯನ್ ಅವರ ಕಚೇರಿಯಲ್ಲಿ ಆ ಮೆಚ್ಚುಗೆಯನ್ನು ಮೊದಲು ಕಂಡವನು ಅವರ ಸಹೋದ್ಯೋಗಿ, ಮಂಗಳೂರಿನ ನೌಶಾದ್. ಅವನು ತಮಾಷೆಯ ಮನುಷ್ಯ. "ಜೂಲಿಯನ್ ಬಾಯ್, ಗಂಟೆ ಎರಡಾಯ್ತು. ಖಲಾಸ್, ಹೋಗಿ ಬೀಗ ತೆಗೀರಿ. ಮನೆಯವರಿಗೂ ಊಟ ಆಗ್ಬೇಕಲ್ಲ?" ಎಂದು ಎಲ್ಲರೆದುರು ಹೇಳಿದ. ಮರುದಿನ ಮೇಜಿನ ಮೇಲೆ ಯಾರೋ ಹಳೆಯ ಬೀಗವೊಂದನ್ನು ಇಟ್ಟಿದ್ದರು. ಆ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಪಕ್ಕದ ರುವಿಯ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಕಾರು ನಿಲ್ಲಿಸುವಲ್ಲಿ ಮೂವರು ಹೆಂಗಸರು ಇಸಾಬೆಲ್ಲಾ ಅವರ ಕೈಹಿಡಿದು ಮಾತಾಡಿಸಿ, ಜೂಲಿಯನ್ ಹತ್ತಿರ ಬರುತ್ತಲೇ ಸರಿದು ಹೋದರು.

ಅಂದಿನಿಂದ ಜೂಲಿಯನ್ ಪತ್ನಿಯನ್ನು ಎಲ್ಲೆಡೆಗೂ ಕರೆದೊಯ್ಯತೊಡಗಿದರು. ಹುಟ್ಟುಹಬ್ಬ, ಬೀಳ್ಕೊಡುಗೆ, ಹಮ್ರಿಯಾದ ದರ್ಜಿಯ ಅಂಗಡಿ, ಯಾವುದನ್ನೂ ಬಿಡಲಿಲ್ಲ. ಹೋದಲ್ಲೆಲ್ಲ "ಕೇಳಿ ಇವಳನ್ನೇ" ಎನ್ನುತ್ತಿದ್ದರು. ಇಸಾಬೆಲ್ಲಾ ನಕ್ಕು ನಿಲ್ಲುತ್ತಿದ್ದರು. ಮೊದಲು ಹಗಲಿನಲ್ಲಾದರೂ ತಮ್ಮಷ್ಟಕ್ಕೆ ಇರುತ್ತಿದ್ದವರಿಗೆ ಈಗ ಅದೂ ತಪ್ಪಿತು. ರಜೆ ಹಾಕಿಯೂ ಜೂಲಿಯನ್ ಮನೆಗೆ ಬಂದು ಕರೆದೊಯ್ಯುತ್ತಿದ್ದರು. ಕಡೆಗೆ, ಆಕೆಯೇ ತಮ್ಮ ಹೆಸರಿನಲ್ಲಿ ಚಿತ್ರದ ಕೆಳಗೆ ಉತ್ತರ ಬರೆಯಬೇಕೆಂದು ಹಟ ಹಿಡಿದರು. ಜೂನ್ 6ರಂದು ಇಸಾಬೆಲ್ಲಾ ನಮ್ಮ ಮನೆಗೆ ಇಳಿದು ಬಂದು ನನ್ನ ಪತ್ನಿಗೆ ಹೇಳಿದ ಮಾತು ಇದು: "ಅಕ್ಕ, ಅವರು ಕೆಟ್ಟವರಲ್ಲ, ನಿಮಗೆ ಗೊತ್ತುಂಟು. ಆದ್ರೆ ಸುಖವಾಗಿದ್ದೇನೆ ಅಂತ ಒಮ್ಮೆ ನನ್ನ ಹೆಸರಲ್ಲಿ ಬಂದ್ರೆ, ಮತ್ತೆ ಯಾರ ಹತ್ರವೂ ಬೇರೆ ಹೇಳ್ಲಿಕ್ಕೆ ಆಗುದಿಲ್ಲ. ನನ್ನ ಹತ್ರ ನಾನೇ ಹೇಳ್ಲಿಕ್ಕೂ ಆಗುದಿಲ್ಲ."

ಇಷ್ಟೂ ತಿಳಿದಿದ್ದ ನಾನು ಶನಿವಾರ ಮೇಲಕ್ಕೆ ಹೋದೆ. ಕರೆದವರಿಗೆ ಇಲ್ಲವೆನ್ನಲು ಆಗಲಿಲ್ಲ. ಬರೆಯುವುದಾದರೂ ಆಕೆಯನ್ನು ಕೇಳಿಯೇ ಬರೆಯಬೇಕೆಂಬುದು ನನ್ನ ನಿಶ್ಚಯವಾಗಿತ್ತು. ಜೂಲಿಯನ್ ಕಾಗದ, ಪೆನ್ನು ಮುಂದಿಟ್ಟರು. ಇಸಾಬೆಲ್ಲಾ ಚಹ ತಂದು ಎದುರಿಗೆ ಕೂತರು. ಡೀನಾ ಮೊಬೈಲ್ ಹಿಡಿದು ಸೋಫಾದ ತುದಿಯಲ್ಲಿದ್ದಳು. ಮನೆಯ ಮಾತು ಕೊಂಕಣಿಯಾದರೂ ನಾನಿದ್ದುದರಿಂದ ಎಲ್ಲರೂ ಕನ್ನಡದಲ್ಲಿಯೇ ಮಾತಾಡಿದರು.

"ಬರೀರಿ ಮಾಸ್ಟ್ರೇ. ನನ್ನ ಗಂಡ ದೇವರಂಥವರು..."

"ಅದು ಬೇಡ" ಎಂದೆ. "ದೇವರಂಥವರು ಅಂದ್ರೆ ಜನಕ್ಕೆ ಅನುಮಾನ ಜಾಸ್ತಿ ಆಗತ್ತೆ."

"ಹಾಗಾದ್ರೆ, ನನಗೆ ಬೇಕಾದಾಗ ಬೇಕಾದಲ್ಲಿಗೆ ನಾನು ಹೋಗ್ತೇನೆ, ಯಾರೂ ತಡೆಯುದಿಲ್ಲ. ಇದು ಸತ್ಯ ಅಲ್ವಾ?" ಎಂದು ಜೂಲಿಯನ್ ಪತ್ನಿಯತ್ತ ನೋಡಿದರು.

ಇಸಾಬೆಲ್ಲಾ ಚಹದ ಲೋಟವನ್ನು ನನ್ನ ಕಡೆಗೆ ಸರಿಸಿದರು. ನಾನು ಆ ವಾಕ್ಯವನ್ನು ಬರೆದುಕೊಂಡೆ. ಬರೆದ ಮೇಲೆ ಅದು ಬರಿಯ ಹೇಳಿಕೆಯಾಗಿ ಕಂಡಿತು. ನಲವತ್ತು ವರ್ಷ ಮಕ್ಕಳ ಪ್ರಬಂಧಗಳನ್ನು ತಿದ್ದಿದವನಿಗೆ ನಿದರ್ಶನವಿಲ್ಲದ ವಾಕ್ಯ ಸಮಾಧಾನ ಕೊಡುವುದಿಲ್ಲ.

"ಇದಕ್ಕೊಂದು ಉದಾಹರಣೆ ಬೇಕು. ಇಂಥ ದಿನ ಇಂಥ ಕಡೆ ಒಬ್ಬಳೇ ಹೋಗಿದ್ದೆ ಅಂತ. ತಾರೀಕು ಇದ್ರೆ ಯಾರೂ ಎದುರು ಮಾತಾಡಲ್ಲ" ಎಂದೆ.

"ಎಷ್ಟು ಬೇಕಾದ್ರೂ ಉಂಟು" ಎಂದರು ಜೂಲಿಯನ್. "ಮೊನ್ನೆ ಕಣ್ಣಿನ ಡಾಕ್ಟರ್ ಹತ್ರ."

"ನೀವು ಇದ್ರಿ."

"ಡೀನಾಳ ಶಾಲೆ? ಪೇರೆಂಟ್ಸ್ ಮೀಟಿಂಗ್?"

"ನೀವು ಇದ್ರಿ" ಎಂದರು ಇಸಾಬೆಲ್ಲಾ.

"ಊರಿಗೆ ಹೋಗುವಾಗ? ಎರಡು ಸಾವಿರದ ಹದಿನೆಂಟರಲ್ಲಿ ನೀನು, ಡೀನಾ ಇಬ್ಬರೇ ಹೋದದ್ದಲ್ವಾ?"

"ಏರ್‌ಪೋರ್ಟಿಗೆ ನೀವು ಬಿಟ್ರಿ. ಆಚೆ ನಿಮ್ಮ ಅಣ್ಣ ನಿಂತಿದ್ರು."

"ಡ್ಯಾಡಿ, ಜಸ್ಟ್ ಲೀವ್ ಇಟ್" ಎಂದಳು ಡೀನಾ, ಮೊಬೈಲಿನಿಂದ ಕಣ್ಣೆತ್ತದೆ.

ಜೂಲಿಯನ್ ಬೆರಳು ಮಡಿಸುತ್ತ ವರ್ಷಗಳನ್ನು ಹಿಂದಕ್ಕೆ ಎಣಿಸಿದರು. ಅವರ ಮುಖ ನೋಡಿದರೆ, ಕಚೇರಿಯ ಕಪಾಟಿನಲ್ಲಿ ಇದ್ದೇ ಇರಬೇಕಾದ ಕಡತವೊಂದು ಕೈಗೆ ಸಿಗದಿದ್ದಾಗಿನ ಗಾಬರಿ ಕಾಣುತ್ತಿತ್ತು. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಇದೆಯೆಂದೇ ನಂಬಿದ್ದರು.

"ಒಂದು ಉಂಟು" ಎಂದರು ಇಸಾಬೆಲ್ಲಾ. "ಎರಡು ಸಾವಿರದ ಹದಿನಾರು, ಫೆಬ್ರವರಿ ಎಂಟು. ಸೋಮವಾರ."

ನಾನು ಪೆನ್ನು ಹಿಡಿದೆ. ಆಕೆ ಸೆರಗಿನಂತೆ ದುಪಟ್ಟವನ್ನು ಸರಿಪಡಿಸಿಕೊಂಡು, ಯಾರನ್ನೂ ನೋಡದೆ ಹೇಳಿದರು: "ಇವರು ಆಫೀಸಿಗೆ, ಡೀನಾ ಶಾಲೆಗೆ. ಗಾಳಿ ತಂಪಿತ್ತು. ಬಾಗಿಲು ಎಳೆದುಕೊಂಡು ಇಳಿದೆ. ನಡೆದುಕೊಂಡೇ ರುವಿಗೆ ಹೋದೆ. ಅಂಗಡಿಯಿಂದ ಎಂತ ತೆಗೆಯಲಿಕ್ಕೂ ಇರ್ಲಿಲ್ಲ. ಒಂದು ಹೋಟೆಲಿನ ಹೊರಗೆ ಕುರ್ಚಿಯಲ್ಲಿ ಕೂತು ಚಾ ಕುಡಿದೆ. ಪಕ್ಕದಲ್ಲಿ ಪಾಕಿಸ್ತಾನದ ಲಾರಿಯವರು ಇದ್ರು, ಅವರು ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡ್ರು, ಮರ್ಯಾದೆಗೆ. ಮತ್ತೆ ನಡೆದುಕೊಂಡು ಬಂದೆ."

"ಒಬ್ಬಳೇ?" ಎಂದರು ಜೂಲಿಯನ್.

"ಒಬ್ಬಳೇ."

"ನನಗೆ ಹೇಳಲಿಲ್ಲ."

"ಹೇಳಿದ್ರೆ ನೀವೇ ಕರ್ಕೊಂಡು ಹೋಗ್ತಿದ್ರಿ."

ಡೀನಾ ಈಗ ಮೊಬೈಲ್ ಕೆಳಗಿಟ್ಟಿದ್ದಳು. "ಮಮ್ಮಿ, ಯೂ ನೆವರ್ ಟೋಲ್ಡ್ ಮಿ" ಎಂದಳು. ತಾಯಿ ಅವಳ ಮಂಡಿಯ ಮೇಲೆ ಕೈಯಿಟ್ಟರು.

"ಇದನ್ನು ಬರೀಲಾ?" ಎಂದು ಕೇಳಿದೆ.

"ಬೇಡ" ಎಂದರು ಜೂಲಿಯನ್. ಧ್ವನಿ ಏರಲಿಲ್ಲ. "ಇಪ್ಪತ್ತೊಂದು ವರ್ಷಕ್ಕೆ ಒಂದು ಸಲ ಅಂತ ಹಾಕಿದ್ರೆ ಜನ ಎಂತ ಹೇಳ್ಲಿಕ್ಕಿಲ್ಲ? ಅದೂ ನನಗೆ ಗೊತ್ತಿಲ್ಲದೆ. ಸುಮ್ನೆ ಮೊದಲಿನ ಸಾಲು ಇರ್ಲಿ, ಬೇಕಾದಲ್ಲಿಗೆ ಹೋಗ್ತೇನೆ ಅಂತ."

"ಅದು ಹಾಕದಿದ್ರೆ ಇದಕ್ಕೆ ನನ್ನ ಹೆಸರು ಬೇಡ."

"ಹಾಗಾದ್ರೆ ಆ ಅಮೇರಾತಿನವಳಿಗೆ ಒತ್ತಿದ ಲೈಕ್ ತೆಗೆ."

"ತೆಗೆಯುದಿಲ್ಲ" ಎಂದು ಇಸಾಬೆಲ್ಲಾ ಚಹದ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಜೂಲಿಯನ್ ಬರೆದ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನೊಡನೆ ಬಾಗಿಲವರೆಗೆ ಬಂದು, ತಗ್ಗಿದ ದನಿಯಲ್ಲಿ, "ನಾನು ಒಂದು ದಿನವೂ ಬೇಡ ಅನ್ನಲಿಲ್ಲ ಮಾಸ್ಟ್ರೇ. ನೀವೇ ಹೇಳಿ, ಬೇಡ ಅಂದದ್ದುಂಟಾ?" ಎಂದು ಕೇಳಿದರು. ಇಲ್ಲವೆಂದೆ. ಅದು ಸತ್ಯ. ಅವರು ಬೇಡವೆನ್ನುವ ಸಂದರ್ಭವನ್ನೇ ಬರಗೊಡದೆ ಎಲ್ಲವನ್ನೂ ಮುಂಚಿತವಾಗಿ ಒದಗಿಸುತ್ತ ಬಂದಿದ್ದರು. ಅಂಥ ಮನೆಯಲ್ಲಿ ದೂರಲು ಏನೂ ಸಿಗುವುದಿಲ್ಲ, ಹೊರಬೀಳಲು ಕಾರಣವೂ ಸಿಗುವುದಿಲ್ಲ.

ಮುಂದೆ ನಡೆದದ್ದನ್ನು ಇದ್ದಂತೆ ದಾಖಲಿಸುತ್ತೇನೆ.

ಉತ್ತರವನ್ನು ಹಾಕಲಿಲ್ಲ. ಜೂನ್ 14ರಂದು ಜೂಲಿಯನ್ ಅವರ ಕೋರಿಕೆಯಂತೆ ಆಲನ್ ಚಿತ್ರವನ್ನು ಪುಟದಿಂದ ತೆಗೆದ. ಅದರೊಂದಿಗೆ ಅಭಿಪ್ರಾಯಗಳೆಲ್ಲವೂ ಹೋದವು. ಈದ್ ರಜೆ ಮುಗಿದ ಮೇಲೆ, ಜೂನ್ 26ರ ಬುಧವಾರದಿಂದ, ಜೂಲಿಯನ್ ಪತ್ನಿಗೆಂದು ವಾರಕ್ಕೊಂದು ದಿನ ಟ್ಯಾಕ್ಸಿ ಗೊತ್ತುಮಾಡಿದರು. ಒಬ್ಬಳೇ ಎಲ್ಲಿ ಬೇಕಾದರೂ ಹೋಗಿ ಬರಲಿ ಎಂಬುದು ಅವರ ಮಾತು. ಚಾಲಕ ಸಾಲಿಂ ಎಂಬ ವಯಸ್ಸಾದ ಒಮಾನಿ, ಹಿಂದಿ ಬಲ್ಲವರು, ಸಭ್ಯರು. ಇಸಾಬೆಲ್ಲಾ ಹೋದಲ್ಲೆಲ್ಲ ಅವರು ಕಾದು ನಿಂತು, ಮರಳಿ ಮನೆಗೆ ಬಿಟ್ಟ ಮೇಲೆ ಜೂಲಿಯನ್ ಅವರಿಗೆ ಫೋನ್ ಮಾಡಿ ತಿಳಿಸುತ್ತಿದ್ದರು. ಆಗಸ್ಟ್ 28ರಂದು ಟ್ಯಾಕ್ಸಿ ಬಂದಾಗ ಇಸಾಬೆಲ್ಲಾ ಇಳಿದು ಹೋಗಲಿಲ್ಲ. ಮರುವಾರದಿಂದ ಅದು ನಿಂತಿತು.

2025ರ ಜನವರಿ 10ರ ಶುಕ್ರವಾರ ಮಂಡಳಿಯವರು ಇನ್ನೊಂದು ಕಿರುಚಿತ್ರದಲ್ಲಿ ತಾಯಿಯ ಪಾತ್ರಕ್ಕಾಗಿ ಇಸಾಬೆಲ್ಲಾ ಅವರನ್ನು ಕೇಳಲು ಬಂದರು. ಆಕೆ ಒಳಗೆ ಮೀನು ಶುಚಿಮಾಡುತ್ತಿದ್ದರು. ಇಬ್ಬರಿಗೂ ಬಿಡುವಿಲ್ಲವೆಂದು ಜೂಲಿಯನ್ ಬಾಗಿಲಲ್ಲಿಯೇ ಹೇಳಿ ಅವರನ್ನು ಹಿಂದಕ್ಕೆ ಕಳುಹಿಸಿದರು.