ಒಡೆಟ್ ಮಿಶೋ ತಬ್ಬಿಕೊಳ್ಳಲಿಲ್ಲ

ಕಾರ್ಬೆಟ್ ಫಾಲ್ಸ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಒಡೆಟ್ ಮಿಶೋಗೆ ಆ ಊರಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಒಲೆ ಹಚ್ಚುವಳು, ಮುನ್ನೂರು ಮಕ್ಕಳಿಗೆ ಬೇಯಿಸಿ ಬಡಿಸುವಳು, ಎರಡೂವರೆಗೆ ಏಪ್ರನ್ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಹೊರಡುವಳು. ಮಾತು ಬಹಳ ಕಡಿಮೆ. ಬಾಯಿ ತೆರೆದರೆ ಹೊರಡುವ ದನಿ ಗಂಡಸರ ದನಿಗಿಂತ ಒಂದು ಮೆಟ್ಟಿಲು ಕೆಳಗಿನದು. ಫೋನಿನಲ್ಲಿ ಅಪರಿಚಿತರು ಈಗಲೂ ಅವಳನ್ನು ‘ಸರ್’ ಅನ್ನುತ್ತಾರೆ.

ಆ ದನಿ ಬಂದದ್ದು ಹನ್ನೆರಡನೇ ವಯಸ್ಸಿಗೆ. ಬಂದ ವಾರದಲ್ಲೇ ಅವಳಿಗೆ ‘ಮೂಸ್’ ಎಂದು ಹೆಸರು ಬಿತ್ತು. ಮೂಸ್ ಅಂದರೆ ಆ ಕಡೆಯ ಕಾಡಿನಿಂದ ರಸ್ತೆಗೆ ಇಳಿದು ಬರುವ, ಕುದುರೆಗಿಂತ ಎತ್ತರದ, ಹಲಗೆಯಂಥ ಕೊಂಬಿನ ಮೃಗ. ಹೆಸರಿಟ್ಟವಳು ಅದೇ ತರಗತಿಯ ಕಾರ್ಲೀನ್ ವೈಮನ್. ಒಡೆಟ್ ಹಾಜರಿ ಹೇಳಿದರೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ‘ಊಂ...ಆ’ ಎಂದು ಗೂಳಿಡುವರು. ಏಳನೇ ತರಗತಿಯ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಸಂಗೀತದ ಮೇಡಂ ಅವಳೊಬ್ಬಳಿಗೇ ಒಂದು ಹಾಡು ಕೊಟ್ಟರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಕಾರ್ಲೀನ್ ಮತ್ತು ಎಂಟು ಹುಡುಗಿಯರು ಕಂದು ಕಾಗದದ ಕೊಂಬು ತಲೆಗಿಟ್ಟುಕೊಂಡು ಎದ್ದು ನಿಂತು ಗೂಳಿಟ್ಟರು. ಇಡೀ ಸಭೆ ನಕ್ಕಿತು. ಮೂರನೇ ಸಾಲಿನಲ್ಲಿ ಕಾಗದದ ಕಾರ್ಖಾನೆಯ ಜಾಕೆಟ್ ಹಾಕಿಕೊಂಡು ಕೂತಿದ್ದ ಅವಳ ಅಪ್ಪ ರೆಯಾಲ್ ಮಿಶೋ ಕೂಡ ತೊಡೆ ತಟ್ಟಿಕೊಂಡು ನಕ್ಕ. ಅದನ್ನು ಒಡೆಟ್ ನೋಡಿದಳು. ಹಾಡನ್ನು ಅಲ್ಲಿಗೇ ಬಿಟ್ಟು ವೇದಿಕೆಯಿಂದ ಇಳಿದವಳು ಮುಂದೆ ಇಪ್ಪತ್ತಮೂರು ವರ್ಷ ಯಾರೆದುರೂ ಹಾಡಲಿಲ್ಲ. ಅಡುಗೆಮನೆಯ ದೊಡ್ಡ ಫ್ಯಾನು ಹೊಗೆ ಎಳೆಯುತ್ತ ಭರ್ರೆನ್ನುವಾಗ ಮಾತ್ರ, ಆ ಗದ್ದಲದ ಒಳಗೆ, ಹಾಡಿಕೊಳ್ಳುತ್ತಿದ್ದಳು.

ಕಾರ್ಲೀನ್ ಈಗ ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ದಿನಾ ಮಧ್ಯಾಹ್ನ ತಟ್ಟೆ ಹಿಡಿದು ಒಡೆಟ್‌ಳ ಕೌಂಟರಿಗೆ ಬರುವಳು. ‘ಗ್ರೇವಿ ಬೇಕಾ?’ ‘ಬೇಡ.’ ಹನ್ನೊಂದು ವರ್ಷದಲ್ಲಿ ಇಬ್ಬರ ನಡುವೆ ನಡೆದ ಮಾತು ಅಷ್ಟೇ.

ಮೂವತ್ತೈದು ತುಂಬಿದ ಚಳಿಗಾಲದಲ್ಲಿ ಒಡೆಟ್ ಒಂದು ಕೆಲಸ ಮಾಡಿದಳು. ಅಜ್ಜಿ ಹಾಡುತ್ತಿದ್ದ, ಹೊಳೆಯಲ್ಲಿ ಮರದ ದಿಮ್ಮಿ ತೇಲಿಸುವವರ ಒಂದು ಫ್ರೆಂಚ್ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ದೇಶವೆಲ್ಲ ನೋಡುವ ಟಿವಿ ಹಾಡಿನ ಸ್ಪರ್ಧೆಗೆ ಕಳಿಸಿಬಿಟ್ಟಳು. ಯಾಕೆಂದು ಕೇಳಿದ್ದರೆ ಹಟಕ್ಕೆ ಅನ್ನುತ್ತಿದ್ದಳೇನೋ. ಯಾರೂ ಕೇಳಲಿಲ್ಲ, ಯಾಕೆಂದರೆ ಅವಳು ಯಾರಿಗೂ ಹೇಳಿರಲಿಲ್ಲ. ಲಾಸ್ ಏಂಜಲೀಸ್‌ನಿಂದ ಕರೆ ಬಂತು. ಮೊದಲ ಸುತ್ತು ದಾಟಿದಳು, ಎರಡನೆಯದನ್ನೂ ದಾಟಿದಳು. ಕೊನೆಯ ಹತ್ತು ಮಂದಿಯಲ್ಲಿ ಅವಳೂ ಒಬ್ಬಳಾದಾಗ ಊರಿಗೆ ಎಚ್ಚರವಾಯಿತು.

ಆ ವಾರದ ಎಪಿಸೋಡಿಗೆ ‘ಮನಸ್ಸು ಬಿಚ್ಚುವ ವಾರ’ ಎಂದು ಹೆಸರು. ಪ್ರತಿ ಸ್ಪರ್ಧಿಯೂ ತನ್ನ ನೋವೊಂದನ್ನು ಹೇಳಿ ಹಾಡಬೇಕು. ಸ್ಪರ್ಧಿಗಳನ್ನು ಮಾತಾಡಿಸಿ ಕಥೆ ಹೊರಡಿಸುವ ಕೆಲಸ ಟ್ರೆಂಟ್ ಎಂಬ ತರುಣನದು. ಬಿಳಿ ಶೂ, ಕೈಯಲ್ಲಿ ಸದಾ ಒಂದು ಟ್ಯಾಬ್ಲೆಟ್.

“ನಿಮ್ಮ ದನಿ ಅದ್ಭುತ ಒಡೆಟ್. ಆದ್ರೆ ನೀವು ಕಲ್ಲು ನಿಂತ ಹಾಗೆ ನಿಂತಿರ್ತೀರಿ. ಜನಕ್ಕೆ ನಿಮ್ಮ ಗಾಯ ಕಾಣ್ಬೇಕು.”

“ಹಾಡು ಕೇಳ್ಸಿದ್ರೆ ಸಾಲ್ದಾ?”

“ಹಾಡೋರು ಊರಿಗೆ ನೂರು ಜನ ಸಿಕ್ತಾರೆ,” ಅಂದ ಟ್ರೆಂಟ್, ನಗುತ್ತಲೇ.

ಮೂರು ದಿನ ಕೆದಕಿದ. ಮೂರನೇ ದಿನ ಅವಳು ಕಾಗದದ ಕೊಂಬಿನ ಕಥೆ ಹೇಳಿದಳು. ಅಪ್ಪ ನಕ್ಕದ್ದನ್ನು ಮಾತ್ರ ಹೇಳಲಿಲ್ಲ. ಟ್ರೆಂಟ್‌ನ ಕಣ್ಣು ಒದ್ದೆಯಾಯಿತು. ಅದೇ ಒದ್ದೆ ಕಣ್ಣಲ್ಲಿ ಅವನು ಯಾರಿಗೋ ಸಂದೇಶ ಕಳಿಸುತ್ತಿದ್ದುದನ್ನೂ ಒಡೆಟ್ ಗಮನಿಸಿದಳು.

ಮಂಗಳವಾರದ ನೇರಪ್ರಸಾರದಲ್ಲಿ ಅವಳು ಚೆನ್ನಾಗಿಯೇ ಹಾಡಿದಳು. ಅಜ್ಜಿಯ ಹಾಡನ್ನು ಅವರು ಒಪ್ಪಿರಲಿಲ್ಲ; ಕಣ್ಣೀರಿನ ಯಾವುದೋ ಹಾಡು ಕೊಟ್ಟಿದ್ದರು. ಆದರೂ ಕೊನೆಯ ಸಾಲಿನಲ್ಲಿ ಅವಳ ದನಿ ಆಳಕ್ಕೆ ಇಳಿದಾಗ ಸಭಾಂಗಣ ಉಸಿರು ಹಿಡಿದು ಕೂತಿತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ನಿರೂಪಕ ಓಡಿ ಬಂದು ಅವಳ ಹೆಗಲು ಹಿಡಿದ. “ಒಡೆಟ್, ನಿಮಗೊಂದು ಅಚ್ಚರಿ ಕಾದಿದೆ. ಹಿಂದೆ ತಿರುಗಿ ನೋಡಿ!”

ಹಿಂದಿನ ದೊಡ್ಡ ಪರದೆಯ ಮೇಲೆ ಕಾರ್ಬೆಟ್ ಫಾಲ್ಸ್ ಶಾಲೆಯ ಒಳಾಂಗಣ ಕ್ರೀಡಾಂಗಣ ಕಾಣಿಸಿತು. ನಾನ್ನೂರು ಜನ ಸೇರಿದ್ದರು. ನಾನ್ನೂರು ತಲೆಯ ಮೇಲೂ ಕಂದು ಬಟ್ಟೆಯ ಕೊಂಬು. ‘ನಮ್ಮ ಮೂಸ್’ ಎಂದು ಬರೆದ ಟೀ ಶರ್ಟು. ಮುಂದಿನ ಸಾಲಿನಲ್ಲಿ ರೆಯಾಲ್ ಮಿಶೋ, ಎಪ್ಪತ್ತರ ಬೋಳುತಲೆಗೆ ಕೊಂಬು ಕಟ್ಟಿಕೊಂಡು ಕೈಬೀಸುತ್ತಿದ್ದ. ಕ್ಯಾಮೆರಾ ತಮ್ಮ ಕಡೆ ತಿರುಗಿದ್ದು ಗೊತ್ತಾದ ಕೂಡಲೇ ನಾನ್ನೂರು ಮಂದಿಯೂ ಒಟ್ಟಿಗೆ, ತುಂಬುಪ್ರೀತಿಯಿಂದ, ಗೂಳಿಟ್ಟರು.

“ಇನ್ನೂ ಮುಗಿದಿಲ್ಲ,” ಅಂದ ನಿರೂಪಕ. ಪಕ್ಕದ ಬಟ್ಟೆಯ ಪರದೆ ಸರಿಯಿತು. ಕಾರ್ಲೀನ್ ವೈಮನ್ ಹೊರಬಂದಳು. ನೀಲಿ ಉಡುಪು, ಆಗತಾನೇ ಮಾಡಿಸಿದ ಕೂದಲು, ಕೈಯಲ್ಲಿ ಮೈಕು.

“ಒಡೆಟ್, ನಾವು ಆಗ ಚಿಕ್ಕವರಿದ್ವಿ,” ಎಂದು ಅವಳು ಅಳತೊಡಗಿದಳು. “ನನ್ನ ಕ್ಷಮಿಸ್ಬಿಡೇ.” ಎರಡೂ ತೋಳು ಅಗಲಿಸಿದಳು. ವಾದ್ಯದವರು ಮೆಲ್ಲಗೆ ಪಿಯಾನೋ ಶುರು ಮಾಡಿದರು.

“ಬೇಡ,” ಅಂದಳು ಒಡೆಟ್.

ಮೈಕಿನಲ್ಲಿ ಆ ದನಿ ನೆಲದಿಂದ ಎದ್ದಂತೆ ಕೇಳಿಸಿತು. ಪಿಯಾನೋ ಎರಡು ಸ್ವರ ಮುಂದೆ ಹೋಗಿ ನಿಂತಿತು.

ನಿರೂಪಕನ ನಗು ಮುಖದ ಮೇಲೇ ಉಳಿದಿತ್ತು. “ಒಡೆಟ್, ಇದು ಮನಸ್ಸು ಬಿಚ್ಚೋ ವಾರ...”

“ಬಿಚ್ಚಿದೀನಲ್ಲ. ಒಳಗಿರೋದು ಇದೇ.” ಕಾರ್ಲೀನಳ ಕಡೆ ತಿರುಗಿದಳು. “ಹನ್ನೊಂದು ವರ್ಷ ದಿನಾ ನನ್ನೆದುರು ತಟ್ಟೆ ಹಿಡ್ಕೊಂಡು ನಿಂತಿದೀಯ. ಕ್ಯಾಮೆರಾ ಇಲ್ದೇ ಇರೋ ಒಂದು ದಿನ ಈ ಮಾತು ಬಾಯಿಗೆ ಬರ್ಲಿಲ್ವಾ ನಿಂಗೆ?” ಆಮೇಲೆ ಪರದೆಯತ್ತ ಕೈ ತೋರಿಸಿದಳು. “ಆ ಕೊಂಬು ತೆಗೀರಿ. ಎಲ್ರೂ ತೆಗೀರಿ. ಪಪ್ಪಾ, ನೀನೂ.”

ಕೂಡಲೇ ಜಾಹೀರಾತು ಬಂತು.

ವೋಟಿನಲ್ಲಿ ಅವಳು ಎಲ್ಲರಿಗಿಂತ ಕೆಳಗೆ ಬಿದ್ದಳು. ವೇದಿಕೆಯ ಹಿಂದೆ ಟ್ರೆಂಟ್ ಬಿಳಿಚಿಕೊಂಡು ನಿಂತಿದ್ದ. “ಒಂದು ಅಪ್ಪುಗೆ! ಎರಡು ಸೆಕೆಂಡಿನ ಕೆಲಸ! ಅಷ್ಟು ಮಾಡಿದ್ರೆ ಫೈನಲ್ ತನಕ ಹೋಗ್ತಿದ್ರಿ.”

“ನಿನ್ನ ಸ್ಕೂಲಲ್ಲಿ ನಿನ್ನ ಯಾರು ಗೋಳು ಹುಯ್ಕೋತಿದ್ರು?”

“ಯಾಕೆ?”

“ಹೆಸರು ಹೇಳು, ಕರೆಸ್ತೀನಿ. ನೀನು ತಬ್ಕೊ, ನಾನು ನೋಡ್ತೀನಿ.”

ಟ್ರೆಂಟ್ ವಿಮಾನದ ಟಿಕೆಟು ಅವಳ ಕೈಗಿಟ್ಟು ಹೋದ.

ಊರಿಗೆ ಬಂದರೆ ಯಾರ ಮುಖವೂ ನೆಟ್ಟಗಿರಲಿಲ್ಲ. ಪೆಟ್ರೋಲ್ ಬಂಕಿನ ಅಂಗಡಿಯ ಹೆಂಗಸು ಕಾಫಿಯ ಲೋಟವನ್ನು ಕುಕ್ಕಿದ ರಭಸಕ್ಕೆ ಅರ್ಧ ಚೆಲ್ಲಿತು. “ಅಷ್ಟು ಪ್ರೀತಿ ತೋರಿಸಿದ್ವಿ ನಿಂಗೆ. ದೇಶದ ಮುಂದೆ ನಮ್ಮ ಮುಖಕ್ಕೆ ಉಗಿದ್ಬಿಟ್ಟೆ,” ಅಂದಳು. ಕಾರಿನ ಗಾಜಿಗೆ ಯಾರೋ ಚೀಟಿ ಸಿಕ್ಕಿಸಿದ್ದರು: ‘ಇಲ್ಲಿ ಇರಲು ಇಷ್ಟವಿಲ್ಲದಿದ್ದರೆ ರಸ್ತೆ ಎರಡೂ ಕಡೆಗೆ ಇದೆ.’ ಒಡೆಟ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ನೇರ ಅಪ್ಪನ ಮನೆಗೆ ಹೋದಳು.

ರೆಯಾಲ್ ಅಡುಗೆಮನೆಯ ಮೇಜಿಗೆ ಕೂತಿದ್ದ. ತಲೆ ಎತ್ತಲಿಲ್ಲ.

“ನಾನ್ನೂರು ಜನದ ಮಧ್ಯೆ ನನ್ನನ್ನೇ ಹಿಡಿದು ಗದರಿದೆ. ಹೆತ್ತಪ್ಪನಿಗೆ ಮಾಡೋ ಮರ್ಯಾದೆನಾ ಇದು?”

“ಆವತ್ತು ನೀನು ನಕ್ಕೆ ಪಪ್ಪಾ.”

“ಯಾವತ್ತು?”

“ಗೊತ್ತು ನಿಂಗೆ.”

ರೆಯಾಲ್ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ತಿರುಗಿಸಿದ. “ಪಕ್ಕದಲ್ಲಿ ಕಾರ್ಖಾನೆಯ ಫೋರ್ಮನ್ ಕೂತಿದ್ದ. ಅವನು ನಕ್ಕ. ನಾನೂ ನಕ್ಕೆ. ಅದನ್ನ ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡು ಕೂತಿದ್ಯಾ?”

“ಹೂಂ. ಇಟ್ಕೊಂಡಿದ್ದೆ.”

“ಬಿಟ್ಬಿಡು ಹಾಗಾದ್ರೆ,” ಅಂದ, ಗದರುವ ದನಿಯಲ್ಲಿ. ಅವಳು ಬಾಗಿಲು ಎಳೆದುಕೊಂಡು ಬಂದಳು.

ಇತ್ತ ಕಾರ್ಲೀನ್‌ಗೆ ಬೇರೆ ಥರದ ಗ್ರಹಚಾರ ಶುರುವಾಗಿತ್ತು. ಊರಿನವರು ಒಡೆಟ್‌ಳನ್ನು ಬೈದರೆ, ಆ ಎಪಿಸೋಡಿನ ತುಣುಕು ಫೋನಿಂದ ಫೋನಿಗೆ ಹರಿದಾಡಿದ ಮೇಲೆ ಉಳಿದ ದೇಶದವರು ಕಾರ್ಲೀನಳನ್ನು ಬೈದರು. ಶಾಲೆಯ ಫೋನು ಬಡಿದುಕೊಂಡಿತು. ಮುಖ ನೋಡದ ಜನ ಅವಳಿಗೆ ಸಾವು ಬಯಸಿ ಬರೆದರು. ಅದೆಲ್ಲ ಹರಿದು ಕೊನೆಗೆ ಬಂದು ನಿಂತದ್ದು ಅವಳ ಮಗಳು ಬ್ರಿನ್‌ಳ ತಲೆಯ ಮೇಲೆ. ಎಂಟನೇ ತರಗತಿಯ, ತೆಳ್ಳಗಿನ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ. ಊಟದ ಕೋಣೆಯಲ್ಲಿ ಅವಳು ತಟ್ಟೆ ಹಿಡಿದು ನಡೆದರೆ ಒಬ್ಬ ಎದುರಿಗೆ ಬಂದು ತೋಳು ಅಗಲಿಸುವನು. ಇನ್ನೊಬ್ಬ ಗಂಟಲು ತಗ್ಗಿಸಿ ಒಡೆಟ್‌ಳ ದನಿಯಲ್ಲಿ ‘ಬೇಡ’ ಅನ್ನುವನು. ಇಡೀ ಕೋಣೆಯೇ ಕೇಕೆ ಹಾಕುವುದು. ಕೂರಲು ಹೋದ ಬೆಂಚಿನಲ್ಲೆಲ್ಲ ‘ಬೇಡ’, ‘ಬೇಡ’, ‘ಬೇಡ’.

ಮೊದಲೆರಡು ದಿನ ಅದನ್ನು ನೋಡಿ ಒಡೆಟ್‌ಗೆ ಖುಷಿಯಾಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಆದರೆ ಆದದ್ದು ನಿಜ. ಸೌಟು ಆಡಿಸುತ್ತ ನಿಂತು, ಗಾಜಿನಾಚೆ ಆ ಮಗುವಿನ ಕಿವಿ ಕೆಂಪಾಗುವುದನ್ನು ಸಾವಧಾನವಾಗಿ ನೋಡಿದಳು. ಅದು ಥೇಟ್ ಕಾರ್ಲೀನಳ ಕಿವಿ.

ಮೂರನೇ ದಿನ ಬ್ರಿನ್ ಕೌಂಟರಿನ ಮುಂದೆ ನಿಂತಿದ್ದಾಗ ಹಿಂದಿನಿಂದ ‘ಬೇಡ’ ಬಂತು. ಬಾಗಿಲ ಬಳಿ ಮೇಲ್ವಿಚಾರಣೆಗೆ ನಿಂತಿದ್ದ ಗಣಿತದ ಮೇಷ್ಟ್ರು ಪ್ರೂಯಿಟ್ ಕಾಫಿಯ ಲೋಟದ ಮರೆಯಲ್ಲಿ ನಕ್ಕರು. ಬ್ರಿನ್ ಅದನ್ನು ನೋಡಿದಳು. ಹುಡುಗರ ಕೂಗಿಗೆ ಗಟ್ಟಿಯಾಗಿದ್ದ ಆ ಮುಖ ಮೇಷ್ಟ್ರ ನಗು ಕಂಡು ಕುಸಿದುಹೋಯಿತು. ಒಡೆಟ್ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಿಟ್ಟಳು. ಕೌಂಟರಿನ ಕಬ್ಬಿಣದ ಶಟರನ್ನು ಧಡಾರೆಂದು ಎಳೆದು ಬೀಗ ಹಾಕಿ, ಪಕ್ಕದ ಬಾಗಿಲಿನಿಂದ ಊಟದ ಕೋಣೆಗೆ ಬಂದಳು.

“ಪ್ರೂಯಿಟ್ ಸರ್, ಯಾಕೆ ನಕ್ರಿ?”

“ಏನಿಲ್ಲ, ಮಕ್ಕಳಾಟ,” ಅಂದರು ಪ್ರೂಯಿಟ್.

“ಮಕ್ಕಳನ್ನ ನಾನು ಕೇಳ್ಲಿಲ್ಲ. ನಿಮ್ಮನ್ನ ಕೇಳಿದೆ.”

“ಅಲ್ಲ ಒಡೆಟ್, ಅದು ನಿಮ್ಮದೇ ಮಾತಲ್ವಾ? ಟಿವಿಲಿ ನೀವೇ...”

“ನನ್ನ ಮಾತು ನನ್ನ ಬಾಯಲ್ಲಿ ಇರ್ಲಿ. ಈ ಹುಡುಗಿ ನಂಗೇನೂ ಮಾಡಿಲ್ಲ. ನಿಮಗೂ ಮಾಡಿಲ್ಲ. ಅವಳಿಗೆ ತಪ್ಪಾಯ್ತು ಅನ್ನಿ. ಅನ್ನೋ ತನಕ ಇವತ್ತು ಇಲ್ಲಿ ಯಾರಿಗೂ ಊಟ ಇಲ್ಲ.”

ಶಟರಿನ ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು. ಮುನ್ನೂರು ಮಕ್ಕಳು ಖಾಲಿ ತಟ್ಟೆ ಬಡಿದರು, ಆಮೇಲೆ ಬಡಿಯುವುದನ್ನೂ ಬಿಟ್ಟರು. ಹೆಡ್‌ಮಾಸ್ಟರು ಹ್ಯಾಲೊವೆಲ್ ಓಡಿ ಬಂದು ಮೊದಲು ಗದರಿದರು, ಆಮೇಲೆ ಕೈಮುಗಿಯುವುದೊಂದು ಬಾಕಿ. ಅವಳು ಜಗ್ಗಲಿಲ್ಲ. ನಲವತ್ತು ನಿಮಿಷವಾದ ಮೇಲೆ ಪ್ರೂಯಿಟ್ ನೆಲ ನೋಡಿಕೊಂಡು, “ನಾನು ನಗಬಾರದಿತ್ತು ಬ್ರಿನ್, ತಪ್ಪಾಯ್ತು,” ಅಂದರು. ಒಡೆಟ್ ಶಟರ್ ಎತ್ತಿದಳು. ಊಟ ಆರಿಹೋಗಿತ್ತು. ಮಕ್ಕಳು ಅದನ್ನೇ ತಿಂದರು.

ಒಡೆಟ್‌ಳನ್ನು ಎರಡು ವಾರ ಕೆಲಸದಿಂದ ಅಮಾನತು ಮಾಡಿದರು. ಆ ಸಂಜೆ ಅಡುಗೆಮನೆಯ ಹಿಂಬಾಗಿಲಲ್ಲಿ ಸಾಮಾನು ಕಟ್ಟುತ್ತಿದ್ದಾಗ ಕಾರ್ಲೀನ್ ಬಂದು ನಿಂತಳು. ಮುಖಕ್ಕೆ ಬಣ್ಣವಿರಲಿಲ್ಲ.

“ಥ್ಯಾಂಕ್ಸ್ ಹೇಳಕ್ಕೆ ಬಂದಿದೀನಿ ಅನ್ಕೋಬೇಡ.”

“ಅನ್ಕೊಂಡಿಲ್ಲ.”

“ನನ್ನ ಮಗಳಿಗೆ ಇದೆಲ್ಲ ಆಗಿದ್ದು ನಿನ್ನಿಂದ.”

“ನನ್ನಿಂದಾನಾ?” ಅಂದಳು ಒಡೆಟ್.

ಕಾರ್ಲೀನ್ ಗೋಡೆಗೆ ಒರಗಿದಳು. ಈಗ ಅವಳ ದನಿಯಲ್ಲಿ ಟಿವಿಯ ಅಳು ಇರಲಿಲ್ಲ, ಸಿಟ್ಟೇ ಇತ್ತು. “ಚಿಕ್ಕವರಿದ್ವಿ ಅನ್ನೋದು ಅವರು ಬರೆದುಕೊಟ್ಟಿದ್ದು. ಒಂಬತ್ತು ಜೊತೆ ಕೊಂಬೂ ನಾನೇ ಕತ್ತರಿಸಿದ್ದೆ, ಮನೇಲಿ ಬಾಗಿಲು ಹಾಕ್ಕೊಂಡು. ಚಿಕ್ಕವಳು ಅಂತ ಮಾಡ್ಲಿಲ್ಲ. ರಿಹರ್ಸಲ್‌ನಲ್ಲಿ ನೀನು ಹಾಡಿದ್ದು ಕೇಳಿದ್ದೆ. ನನ್ನನ್ನ ಮೇಡಂ ಹಿಂದಿನ ಸಾಲಿಗೆ ಹಾಕಿದ್ರು. ಅದಕ್ಕೆ ಮಾಡ್ದೆ.”

ಒಡೆಟ್ ಹಗ್ಗದ ಗಂಟು ಬಿಗಿದಳು. “ಇದನ್ನ ಅಲ್ಲಿ ಹೇಳ್ಬೇಕಿತ್ತು.”

“ಅಲ್ಲಿ ಹೇಳಿದ್ರೆ ತಬ್ಕೋತಿದ್ಯಾ?”

“ಇಲ್ಲ.”

“ಮತ್ತೆ?” ಅಂದು ಕಾರ್ಲೀನ್ ತನ್ನ ಕಾರಿನತ್ತ ನಡೆದಳು.

ಇಬ್ಬರೂ ಗೆಳತಿಯರಾಗಲಿಲ್ಲ. ವಸಂತಕ್ಕೆ ಕಾರ್ಲೀನ್ ಬೇರೆ ಶಾಲೆಗೆ ಕೆಲಸ ಬದಲಿಸಿಕೊಂಡಳು, ಬ್ರಿನ್ ಅಲ್ಲೇ ಉಳಿದಳು. ಒಡೆಟ್ ಕೂಡ ಉಳಿದಳು. ಭಾನುವಾರ ಮಧ್ಯಾಹ್ನ ಮೂವತ್ತು ಮೈಲಿ ದೂರದ ಇನ್ನೊಂದು ಊರಿನ ಸಮುದಾಯ ಭವನದಲ್ಲಿ, ಅಕಾರ್ಡಿಯನ್ ವಾದ್ಯ ನುಡಿಸುವ ಒಬ್ಬನ ಜೊತೆ ಅಜ್ಜಿಯ ಹಾಡುಗಳನ್ನು ಹಾಡತೊಡಗಿದಳು. ಅಲ್ಲಿಗೆ ಬರುವವರು ಮರದ ಲಾರಿಯ ಡ್ರೈವರುಗಳು, ಮುದುಕಿಯರು. ಹಾಡಿನ ನಡುವೆ ಹರಟುತ್ತಾರೆ, ಬಿಯರಿಗೆ ಕೂಗುತ್ತಾರೆ, ಇಷ್ಟವಾದರೆ ಎದ್ದು ಕುಣಿಯುತ್ತಾರೆ. ಅವಳ ಕಥೆ ಯಾರಿಗೂ ಬೇಕಿಲ್ಲ. ಕಾರ್ಬೆಟ್ ಫಾಲ್ಸ್‌ನಿಂದ ಅಲ್ಲಿಗೆ ಯಾರೂ ಬರುವುದಿಲ್ಲ.

ಅಪ್ಪನಿಗೆ ಪ್ರತಿ ಶನಿವಾರ ಹುರುಳಿಕಾಯಿ ಬೀಜದ ಪಲ್ಯ ಒಯ್ಯುವುದನ್ನು ಮಾತ್ರ ಅವಳು ಬಿಡಲಿಲ್ಲ. ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟಿ, ತಿರುಗಿ ನೋಡದೆ ಬಂದುಬಿಡುವಳು. ಐದು ತಿಂಗಳು ಹಾಗೇ ನಡೆಯಿತು. ಆರನೇ ತಿಂಗಳಲ್ಲಿ ಒಂದು ಶನಿವಾರ ಅವಳು ತಟ್ಟುವ ಮೊದಲೇ ಬಾಗಿಲು ತೆರೆಯಿತು. ರೆಯಾಲ್ ಶರ್ಟಿನ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡು ನಿಂತಿದ್ದ.

“ಫೋರ್ಮನ್ ಸತ್ತು ಹತ್ತು ವರ್ಷ ಆಯ್ತು,” ಅಂದ. “ಅವನ ಮುಖಾನೇ ಮರೆತ್ಹೋಗಿದೆ ನಂಗೆ.”

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಒಳಗೆ ಹೋಗಿ ಎರಡು ತಟ್ಟೆ ತೆಗೆದು ಬಡಿಸಿದಳು. ಅಪ್ಪ ಮಗಳು ಎದುರುಬದುರು ಕೂತು ಪಾತ್ರೆ ಖಾಲಿಯಾಗುವ ತನಕ ಉಂಡರು.